ನೀರ ಮೇಲಣ ಗುಡುಗು

ಚಾಮರಾಜನಗರದ ದೊಡ್ಡರಸನ ಕೊಳದಲ್ಲಾಗಲಿ, ಗುಂಡ್ಲುಪೇಟೆಯ ಸುತ್ತಣ ಹಳ್ಳಿಗಳ ಕೆರೆಗಳಲ್ಲಾಗಲಿ, ನೀರು ತುಂಬಿದ ವರ್ಷ ಹುಡುಗರು ಆಡುವ ಒಂದು ಆಟವನ್ನು ವಾಚಕರೆಲ್ಲರೂ ಬಲ್ಲರು. ಒಡೆದ ಹೆಂಚಿನ ಚಪ್ಪಟೆಯಾದ ಚೂರೊಂದನ್ನು ಆರಿಸಿಕೊಂಡು, ಸೊಂಟವನ್ನು ಬಗ್ಗಿಸಿ, ನೀರಿನ ಮೈಗೆ ಓರೆಯಾಗಿ ಬೀಸಿ ಎಸೆದರೆ ಅದು ಮುಳುಗುವುದಿಲ್ಲ; ಕಪ್ಪೆಯಂತೆ ಕುಪ್ಪಳಿಸುತ್ತ ದೂರದವರೆಗೆ ಹೋಗಿ, ವೇಗವೆಲ್ಲ ಕರಗಿದ ಮೇಲೆ ಸದ್ದಿಲ್ಲದೆ ತಳ ಸೇರುತ್ತದೆ. ಕೈಚಳಕವುಳ್ಳ ಹುಡುಗನು ಏಳೆಂಟು ನೆಗೆತಗಳನ್ನು ಸಾಧಿಸುತ್ತಾನೆ. ೨೦೧೩ರಲ್ಲಿ ಅಮೆರಿಕದ ಕರ್ಟ್ ಸ್ಟೈನರ್ ಎಂಬಾತನು ಒಂದೇ ಕಲ್ಲಿನಿಂದ ೮೮ ನೆಗೆತಗಳನ್ನು ಪಡೆದು ದಾಖಲೆ ಸ್ಥಾಪಿಸಿದನು.

ಹೆಂಚು ನೀರಿಗಿಂತ ಭಾರವಾದ ವಸ್ತು. ಸುಮ್ಮನೆ ಕೈಬಿಟ್ಟರೆ ಅದು ಮುಳುಗುವುದು ಖಂಡಿತ. ಓಡುತ್ತಿರುವಷ್ಟು ಹೊತ್ತು ಮಾತ್ರ ಅದನ್ನು ನೀರು ಹೊರುತ್ತದೆ, ನಿಂತೊಡನೆ ನುಂಗುತ್ತದೆ. ಇದರ ಮರ್ಮವೇನು? ಈ ಒಂದು ಪ್ರಶ್ನೆಯ ಉತ್ತರವನ್ನು ಹಿಡಿದುಕೊಂಡು ಮರದ ಹಲಗೆಯಿಂದ ದೋಣಿಗಳನ್ನು ಮಾಡಿ, ಅವುಗಳೊಳಗೆ ಯುದ್ಧವಿಮಾನಗಳ ಯಂತ್ರಗಳನ್ನು ಕೂರಿಸಿ, ಗಂಟೆಗೆ ೨೫೦ ಕಿಲೋಮೀಟರುಗಳಿಗೂ ಮಿಗಿಲಾದ ವೇಗದಲ್ಲಿ ಪಂತಕ್ಕೆ ಓಡಿಸಿದ ಕಾಲವೊಂದಿತ್ತು. ಆ ದೋಣಿಗಳಿಗೆ ಹೈಡ್ರೊಪ್ಲೇನ್ ಎಂದು ಹೆಸರು. ೧೯೫೦ರಿಂದ ಸುಮಾರು ಮೂವತ್ತು ವರ್ಷಗಳ ಆ ಕಾಲವನ್ನು ಅಮೆರಿಕದ ಸಿಯಾಟಲ್, ಡೆಟ್ರಾಯಿಟ್ ನಗರಗಳ ಹಿರಿಯರು ಇಂದಿಗೂ ಸುವರ್ಣಯುಗವೆಂದು ನೆನೆಯುತ್ತಾರೆ. ಮಳೆಯೇ ಅಪರೂಪವಾದ ನಮ್ಮ ಸೀಮೆಯವರಿಗೆ ದೋಣಿಯ ಪಂತದ ಮಾತೇಕೆ ಎಂದು ಕೆಲವರು ಕೇಳಬಹುದು. ಕಾರಣ ಉಂಟು; ಅದು ದೋಣಿಯಲ್ಲಿ ಅಲ್ಲ, ರಸ್ತೆಯಲ್ಲಿ ಇದೆ. ಅದನ್ನು ಮುಂದೆ ಹೇಳುತ್ತೇವೆ.

ತೇಲುವುದೂ ಜಾರುವುದೂ

ಚಾಮರಾಜನಗರ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಹೊಗೇನಕಲ್ಲಿನ ಬಳಿ, ಕಾವೇರಿಯನ್ನು ಜನರು ಹರಿಗೋಲಿನಲ್ಲಿ ದಾಟುತ್ತಾರೆ. ಬಿದಿರಿನ ದಬ್ಬೆಗಳನ್ನು ಬುಟ್ಟಿಯಂತೆ ಹೆಣೆದು, ಹಿಂದಿನ ಕಾಲದಲ್ಲಿ ಚರ್ಮವನ್ನೂ ಈಗ ಪ್ಲಾಸ್ಟಿಕ್ ಹಾಳೆಯನ್ನೂ ಹೊದಿಸಿ ಮಾಡಿದ ಈ ಗುಂಡು ದೋಣಿ ತೇಲುವುದು ಆರ್ಕಿಮಿಡೀಸನ ನಿಯಮಕ್ಕೆ ಅನುಸಾರವಾಗಿ. ತನ್ನ ತೂಕದಷ್ಟೇ ನೀರನ್ನು ಅದು ಪಕ್ಕಕ್ಕೆ ಸರಿಸುತ್ತದೆ. ಸರಿದ ನೀರು ಅದನ್ನು ಹೊರುತ್ತದೆ. ನಿಂತಿರಲಿ, ಹೋಗುತ್ತಿರಲಿ, ಹೊರೆಯ ಲೆಕ್ಕ ಬದಲಾಗುವುದಿಲ್ಲ.

ಇಂತಹ ದೋಣಿಯನ್ನು ಬೇಗ ಓಡಿಸಲು ಹೊರಟರೆ ತೊಡಕು ಉಂಟಾಗುತ್ತದೆ. ದೋಣಿ ಮುಂದುವರಿದಂತೆ ಅದರ ಮೂತಿಯಲ್ಲಿ ಒಂದು ಅಲೆ ಏಳುತ್ತದೆ. ವೇಗ ಹೆಚ್ಚಿದಂತೆ ಆ ಅಲೆಯ ಉದ್ದವೂ ಹೆಚ್ಚುತ್ತ ಹೋಗಿ, ಕಡೆಗೆ ದೋಣಿಯ ಉದ್ದಕ್ಕೆ ಸಮನಾಗುತ್ತದೆ. ಅದಕ್ಕೂ ಮೀರಿ ಹೋಗಲು ಹೊರಟರೆ ದೋಣಿಯ ಮೂತಿ ಅಲೆಯ ನೆತ್ತಿಯ ಮೇಲೂ ಹಿಂಭಾಗ ಅಲೆಯ ತಗ್ಗಿನ ಕಡೆಗೂ ಸಿಕ್ಕಿಕೊಳ್ಳುತ್ತವೆ. ಅಲ್ಲಿಂದ ಮುಂದೆ ದೋಣಿಗೆ ತಾನೇ ಎಬ್ಬಿಸಿದ ದಿಬ್ಬವನ್ನು ತಾನೇ ಹತ್ತುವ ಗತಿ. ಎಷ್ಟು ಬಲವನ್ನು ಹಾಕಿದರೂ ಅಲೆ ದೊಡ್ಡದಾಗುತ್ತದೆಯೇ ಹೊರತು ವೇಗ ಹೆಚ್ಚುವುದಿಲ್ಲ. ೧೬ ಅಡಿ ಉದ್ದದ ದೋಣಿಗೆ ಈ ಎಲ್ಲೆ ಗಂಟೆಗೆ ಸುಮಾರು ೧೦ ಕಿಲೋಮೀಟರು. ೧೦೦ ಅಡಿಯ ಹಡಗಿಗೆ ಸುಮಾರು ೨೫. ದೊಡ್ಡ ಹಡಗುಗಳು ಸಣ್ಣವುಗಳಿಗಿಂತ ಸುಲಭವಾಗಿ ಬೇಗ ಹೋಗುವುದಕ್ಕೆ ಇದೇ ಕಾರಣ. ಇಂಗ್ಲೆಂಡಿನ ವಿಲಿಯಂ ಫ್ರೂಡ್ ಎಂಬ ಇಂಜಿನಿಯರನು ೧೮೭೦ರ ದಶಕದಲ್ಲಿ ಟಾರ್ಕೀ ಎಂಬಲ್ಲಿ ಉದ್ದವಾದ ನೀರಿನ ತೊಟ್ಟಿಯೊಂದನ್ನು ಕಟ್ಟಿಸಿ, ಅದರಲ್ಲಿ ಪುಟ್ಟ ಮಾದರಿಗಳನ್ನು ಎಳೆಸಿ ಈ ವಿಷಯವನ್ನು ಲೆಕ್ಕಕ್ಕೆ ತಂದನು.

ಹೆಂಚಿನ ಬಿಲ್ಲೆಯ ದಾರಿ ಬೇರೆ. ಅದು ಓರೆಯಾಗಿ ನೀರನ್ನು ತಾಕಿದಾಗ ತನ್ನ ಕೆಳಮೈಯಿಂದ ನೀರನ್ನು ಮುಂದಕ್ಕೂ ಕೆಳಕ್ಕೂ ತಳ್ಳುತ್ತದೆ. ನ್ಯೂಟನ್ ಹೇಳಿದಂತೆ, ತಳ್ಳಲ್ಪಟ್ಟ ನೀರು ಬಿಲ್ಲೆಯನ್ನು ಮೇಲಕ್ಕೆ ತಳ್ಳುತ್ತದೆ. ಈ ತಳ್ಳಿಕೆಯ ಸ್ವಭಾವವೇ ವಿಚಿತ್ರ: ವೇಗ ಎರಡರಷ್ಟಾದರೆ ಅದು ನಾಲ್ಕರಷ್ಟಾಗುತ್ತದೆ, ವೇಗ ಐದರಷ್ಟಾದರೆ ಇಪ್ಪತ್ತೈದರಷ್ಟು. ಸೆಕೆಂಡಿಗೆ ೫ ಮೀಟರ್ ವೇಗದಲ್ಲಿ ಎದುರಾದ ನೀರು ಒಂದು ಚದರ ಮೀಟರಿನ ಮೇಲೆ ಹೆಚ್ಚೆಂದರೆ ಸುಮಾರು ೧.೩ ಟನ್ನಿನಷ್ಟು ಒತ್ತಡವನ್ನು ಹಾಕಬಲ್ಲದು. ಸೆಕೆಂಡಿಗೆ ೨೫ ಮೀಟರ್, ಎಂದರೆ ಗಂಟೆಗೆ ೯೦ ಕಿಲೋಮೀಟರ್ ವೇಗದಲ್ಲಿ ಅದೇ ನೀರು ೩೨ ಟನ್ನುಗಳಷ್ಟನ್ನು ಹೊರಬಲ್ಲದು. ಬೇಗ ಓಡುವವನಿಗೆ ನೀರು ಕಲ್ಲಾಗುತ್ತದೆ ಎನ್ನುವುದು ಬರಿಯ ಮಾತಲ್ಲ. ಎತ್ತರದಿಂದ ಕೊಳಕ್ಕೆ ಹಾರಿ ಹೊಟ್ಟೆಯನ್ನು ಕೆಂಪಗೆ ಮಾಡಿಕೊಂಡವರು ಇದನ್ನು ಸ್ವಾನುಭವದಿಂದಲೇ ಅರಿತಿರುತ್ತಾರೆ.

ಬಿಲ್ಲೆಯು ಯಾವ ಓರೆಯಲ್ಲಿ ಬಿದ್ದರೆ ಲೇಸು? ಫ್ರಾನ್ಸಿನ ಕೆಲವು ಭೌತವಿಜ್ಞಾನಿಗಳು ಯಂತ್ರದಿಂದ ಬಿಲ್ಲೆಗಳನ್ನು ಎಸೆದು ಪರೀಕ್ಷಿಸಿ, ಸುಮಾರು ೨೦ ಡಿಗ್ರಿಯ ಓರೆ ಅತ್ಯುತ್ತಮವೆಂದು ೨೦೦೪ರಲ್ಲಿ ಪ್ರಕಟಿಸಿದರು. ನಮ್ಮ ಹುಡುಗರು ಈ ಡಿಗ್ರಿಯ ಲೆಕ್ಕವನ್ನು ಅರಿಯದೆಯೇ ಅದರ ಹತ್ತಿರಕ್ಕೆ ಬಂದಿರುತ್ತಾರೆ.

ಈಗ ಬಿಲ್ಲೆಗೆ ಬದಲಾಗಿ ಚಪ್ಪಟೆ ತಳದ ದೋಣಿಯನ್ನು ಊಹಿಸಿಕೊಳ್ಳಿ. ನಿಂತಾಗ ಅದು ಹರಿಗೋಲಿನಂತೆಯೇ ತೇಲುತ್ತದೆ. ಬಲವಾದ ಯಂತ್ರವು ಅದನ್ನು ತಳ್ಳಿದರೆ ಕೆಳಗಿನ ನೀರಿನ ಒತ್ತಡ ಏರುತ್ತದೆ, ದೋಣಿ ಮೇಲಕ್ಕೆ ಏಳುತ್ತದೆ, ತಾನೆಬ್ಬಿಸಿದ ಅಲೆಯ ದಿಬ್ಬವನ್ನು ಏರಿ ಆಚೆಗೆ ಹೋಗುತ್ತದೆ. ಆಮೇಲೆ ಅದು ನೀರನ್ನು ಸೀಳುವ ವಸ್ತುವಲ್ಲ, ನೀರಿನ ಮೇಲೆ ಜಾರುವ ಹಲಗೆ. ವೇಗ ಏರಿದಂತೆ ಅದನ್ನು ಹೊರಲು ಬೇಕಾದ ತಳದ ವಿಸ್ತಾರ ಕಡಿಮೆಯಾಗುತ್ತ ಬರುತ್ತದೆ. ನೀರಿಗೆ ತಾಗುವ ಮೈ ಕಡಿಮೆಯಾದರೆ ಉಜ್ಜಿಕೆಯೂ ಕಡಿಮೆ. ನೀರು ಗಾಳಿಗಿಂತ ಸುಮಾರು ೮೦೦ ಪಟ್ಟು ಸಾಂದ್ರವಾದುದರಿಂದ, ನೀರನ್ನು ಎಷ್ಟು ಬಿಟ್ಟರೆ ಅಷ್ಟು ಲಾಭ.

ರಸ್ತೆಯ ಮೇಲಿನ ಹೈಡ್ರೊಪ್ಲೇನ್

ಮೈಸೂರಿನಿಂದ ನಂಜನಗೂಡು, ಗುಂಡ್ಲುಪೇಟೆಗಳ ಮೂಲಕ ಕೇರಳಕ್ಕೆ ಹೋಗುವ ೭೬೬ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಮುಂಗಾರಿಗೆ ಮುಂಚಿನ ಒಂದು ಬಿರುಮಳೆ ಸುರಿಯಿತೆಂದು ಭಾವಿಸೋಣ. ತಗ್ಗಿರುವೆಡೆ ರಸ್ತೆಯ ಮೇಲೆ ಒಂದೆರಡು ಬೆರಳುಗಳ ಎತ್ತರ ನೀರು ನಿಲ್ಲುತ್ತದೆ. ವೇಗವಾಗಿ ಬರುವ ಕಾರಿನ ಟೈರು ಆ ನೀರನ್ನು ಪಕ್ಕಕ್ಕೆ ತಳ್ಳಬೇಕು. ಟೈರಿನ ಮೇಲಿರುವ ಗೀರುಗಳು ಇರುವುದು ಮುಖ್ಯವಾಗಿ ಇದಕ್ಕಾಗಿಯೇ. ವೇಗ ಮಿತಿಮೀರಿದರೆ ನೀರಿಗೆ ಸರಿಯಲು ಹೊತ್ತು ಸಾಲದು. ಅದು ಟೈರಿನ ಮುಂದೆ ಬೆಣೆಯಂತೆ ಸೇರಿ, ಟೈರನ್ನು ರಸ್ತೆಯಿಂದ ಎತ್ತಿಬಿಡುತ್ತದೆ. ಆ ಗಳಿಗೆಯಿಂದ ಕಾರು ವಾಹನವಲ್ಲ, ದೋಣಿ. ಅದೂ ಚುಕ್ಕಾಣಿಯಿಲ್ಲದ ದೋಣಿ: ಸ್ಟೀರಿಂಗ್ ತಿರುಗಿಸಿದರೂ ತಿರುಗದು, ಬ್ರೇಕ್ ಒತ್ತಿದರೂ ನಿಲ್ಲದು.

ವಿಮಾನಗಳು ಮಳೆಯಲ್ಲಿ ಇಳಿಯುವಾಗ ಇದರಿಂದ ಅಪಾಯವುಂಟಾಗುತ್ತಿದ್ದುದರಿಂದ ಅಮೆರಿಕದ ನಾಸಾ ಸಂಸ್ಥೆಯ ವಾಲ್ಟರ್ ಹಾರ್ನ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ ೧೯೬೩ರಲ್ಲಿ ಒಂದು ಸರಳವಾದ ಸೂತ್ರವನ್ನು ಕೊಟ್ಟರು. ಟೈರಿನೊಳಗಿನ ಗಾಳಿಯ ಒತ್ತಡವನ್ನು ಪೌಂಡುಗಳಲ್ಲಿ ಹಿಡಿದು, ಅದರ ವರ್ಗಮೂಲವನ್ನು ಸುಮಾರು ೧೬.೬ರಿಂದ ಗುಣಿಸಿದರೆ, ಟೈರು ನೀರಿನ ಮೇಲೆ ಪೂರ್ತಿ ಏಳುವ ವೇಗ ಗಂಟೆಗೆ ಇಷ್ಟು ಕಿಲೋಮೀಟರು ಎಂದು ತಿಳಿಯುತ್ತದೆ. ೩೦ ಪೌಂಡು ಗಾಳಿ ಇದ್ದರೆ ಸುಮಾರು ೯೧. ಅಲಕ್ಷ್ಯದಿಂದ ಗಾಳಿ ೨೦ ಪೌಂಡಿಗೆ ಇಳಿದಿದ್ದರೆ ಸುಮಾರು ೭೪. ಗೀರು ಸವೆದ ಟೈರಿಗೆ ತೆಳುವಾದ ನೀರೇ ಸಾಕು. ಹಾಗೆ ಎದ್ದೆವೆಂದು ತಿಳಿದರೆ ಬ್ರೇಕನ್ನು ಒಮ್ಮೆಲೇ ಒತ್ತದೆ, ಸ್ಟೀರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲನೆ ತೆಗೆಯಬೇಕು. ವೇಗ ಇಳಿದೊಡನೆ ಟೈರು ಮತ್ತೆ ನೆಲವನ್ನು ಹಿಡಿಯುತ್ತದೆ. ದೋಣಿಯ ಪಂತದವರು ಬೇಡಿ ಪಡೆದುದನ್ನೇ ರಸ್ತೆಯವರು ಬೇಡವೆಂದು ದೂರವಿಡಬೇಕಾಗಿದೆ.

ಪಾದ್ರಿಯ ಕನಸು, ಯುದ್ಧದ ಯಂತ್ರ

ದೋಣಿಯನ್ನು ನೀರಿನಿಂದ ಮೇಲೆತ್ತಿ ಓಡಿಸಬಹುದೆಂಬ ಆಲೋಚನೆ ಹೊಸದಲ್ಲ. ಇಂಗ್ಲೆಂಡಿನ ಸಸೆಕ್ಸ್ ಸೀಮೆಯ ರೇಮಸ್ ಎಂಬ ಪಾದ್ರಿಯೊಬ್ಬರು ೧೮೭೦ರ ದಶಕದ ಮೊದಲಲ್ಲೇ ದೋಣಿಯ ತಳಕ್ಕೆ ಮೆಟ್ಟಿಲಿನಂತಹ ಕಡಿತವನ್ನು ಕೊಟ್ಟು ಎರಡು ಓರೆಹಲಗೆಗಳ ಮೇಲೆ ಅದನ್ನು ಓಡಿಸಬಹುದೆಂದು ನೌಕಾಡಳಿತಕ್ಕೆ ಬರೆದರು. ಫ್ರೂಡನೇ ಅದರ ಮಾದರಿಗಳನ್ನು ಪರೀಕ್ಷಿಸಿದನು. ಆಲೋಚನೆಯಲ್ಲಿ ದೋಷವಿರಲಿಲ್ಲ; ಆದರೆ ಅಂದಿನ ಉಗಿಯಂತ್ರದ ತೂಕವನ್ನು ಹೊತ್ತು ಅಷ್ಟು ವೇಗವನ್ನು ಮುಟ್ಟುವುದು ಸಾಧ್ಯವಿರಲಿಲ್ಲ. ಹಗುರವಾದ ಪೆಟ್ರೋಲ್ ಯಂತ್ರ ಬರುವವರೆಗೆ ಪಾದ್ರಿಗಳ ದೋಣಿ ಕಾಗದದ ಮೇಲೆಯೇ ನಿಂತಿತು.

ಇಪ್ಪತ್ತನೆಯ ಶತಮಾನ ಹುಟ್ಟಿದಾಗ ಆ ಯಂತ್ರ ಬಂದಿತು. ಅಮೆರಿಕದ ಗೋಲ್ಡ್ ಕಪ್ ಎಂಬ ಪಂತ ೧೯೦೪ರಲ್ಲಿ ಮೊದಲಾಯಿತು. ಡೆಟ್ರಾಯಿಟಿನ ಗಾರ್ ವುಡ್ ಎಂಬ ಸಾಹಸಿಯು ೧೯೩೨ರಲ್ಲಿ ನಾಲ್ಕು ಪ್ಯಾಕರ್ಡ್ ಯಂತ್ರಗಳನ್ನು ಒಂದೇ ದೋಣಿಯಲ್ಲಿ ಕೂರಿಸಿ ಗಂಟೆಗೆ ೧೨೪.೮೬ ಮೈಲಿ, ಎಂದರೆ ೨೦೦ ಕಿಲೋಮೀಟರುಗಳಿಗೆ ಸ್ವಲ್ಪ ಮಿಗಿಲಾದ ವೇಗವನ್ನು ಸಾಧಿಸಿದನು. ಇದು ಮಲ್ಲನ ದಾರಿ. ಬಲವನ್ನು ಪೇರಿಸುವುದೇ ಅದರ ಜಾಣತನ.

ಜಾಣ್ಮೆಯ ದಾರಿ ೧೯೩೦ರ ದಶಕದ ಕೊನೆಯಲ್ಲಿ ತೆರೆಯಿತು. ನ್ಯೂ ಜರ್ಸಿಯ ವೆಂಟ್ನರ್ ಎಂಬಲ್ಲಿಯ ದೋಣಿಯ ಕಾರ್ಖಾನೆಯವರು ದೋಣಿಯ ಮುಂಭಾಗದ ಎರಡು ಪಕ್ಕಗಳಲ್ಲಿ ಪಾದಗಳಂತಹ ಎರಡು ಉಬ್ಬುಗಳನ್ನು ಕೊಟ್ಟರು. ಇವಕ್ಕೆ ಸ್ಪಾನ್ಸನ್ ಎಂದು ಹೆಸರು. ಓಡುವಾಗ ದೋಣಿ ಈ ಎರಡು ಪಾದಗಳ ಮೇಲೂ ಹಿಂಬದಿಯ ಒಂದು ತುದಿಯ ಮೇಲೂ ಮಾತ್ರ ನಿಲ್ಲುತ್ತದೆ. ಮೂರು ಕಾಲಿನ ಮಣೆ ಓರೆಕೋರೆಯಾದ ನೆಲದ ಮೇಲೂ ಅಲ್ಲಾಡದೆ ಕೂರುವಂತೆ ಇದು ಅಲೆಗಳ ಮೇಲೆ ಕೂರುತ್ತದೆ. ಇಂತಹ ದೋಣಿಯಲ್ಲಿ ಇಂಗ್ಲೆಂಡಿನ ಸರ್ ಮಾಲ್ಕಂ ಕ್ಯಾಂಬೆಲ್ ೧೯೩೯ರ ಆಗಸ್ಟಿನಲ್ಲಿ ಗಂಟೆಗೆ ೧೪೧.೭೪ ಮೈಲಿಗಳ ದಾಖಲೆ ಮಾಡಿದರು. ಕೆಲವೇ ದಿನಗಳಲ್ಲಿ ಯುದ್ಧ ಹತ್ತಿಕೊಂಡಿತು.

ಯುದ್ಧವು ಈ ಕ್ರೀಡೆಯನ್ನು ನಿಲ್ಲಿಸಿತು. ಸುವರ್ಣಯುಗಕ್ಕೆ ಬೇಕಾದುದನ್ನು ಕೊಟ್ಟುದೂ ಯುದ್ಧವೇ. ವಿಮಾನಗಳಿಗಾಗಿ ಅಮೆರಿಕದಲ್ಲಿ ಸುಮಾರು ೭೦,೦೦೦ ಆಲಿಸನ್ ಯಂತ್ರಗಳೂ, ಇಂಗ್ಲೆಂಡ್ ಅಮೆರಿಕಗಳೆರಡರಲ್ಲಿ ಸೇರಿ ಸುಮಾರು ೧,೫೦,೦೦೦ ರೋಲ್ಸ್ ರಾಯ್ಸ್ ಮರ್ಲಿನ್ ಯಂತ್ರಗಳೂ ತಯಾರಾಗಿದ್ದುವು. ಎರಡಕ್ಕೂ ಹನ್ನೆರಡು ಸಿಲಿಂಡರುಗಳು; ಒಟ್ಟು ಗಾತ್ರ ೨೭–೨೮ ಲೀಟರು. ಸಾವಿರ ಕುದುರೆಗಳಿಗೂ ಮಿಗಿಲಾದ ಶಕ್ತಿ. ಮರ್ಲಿನ್ ಯಂತ್ರ ನಮಗೂ ಅಪರಿಚಿತವಲ್ಲ. ಬರ್ಮಾದ ರಣರಂಗದಲ್ಲಿ ಭಾರತೀಯ ವಾಯುಪಡೆಯವರು ಹಾರಿಸಿದ ಹರಿಕೇನ್ ವಿಮಾನಗಳಲ್ಲಿ ಇದ್ದುದು ಅದೇ. ಯುದ್ಧ ಮುಗಿದ ಮೇಲೆ ಪೆಟ್ಟಿಗೆಯನ್ನೇ ಒಡೆಯದ ಯಂತ್ರಗಳು ಹಳೆಯ ಸಾಮಾನಿನ ಬೆಲೆಗೆ ಮಾರಾಟವಾದುವು. ಮರದ ಕೆಲಸ ಬಲ್ಲವರೂ ವಿಮಾನದ ಕಾರ್ಖಾನೆಯಲ್ಲಿ ದುಡಿದವರೂ ಅವನ್ನು ಕೊಂಡು ತಂದರು.

ಸಿಯಾಟಲಿನ ಸ್ಟ್ಯಾನ್ಲಿ ಸೇಯರ್ಸ್ ಮೋಟಾರುಗಳ ವ್ಯಾಪಾರಿ. ಬೋಯಿಂಗ್ ವಿಮಾನ ಕಾರ್ಖಾನೆಯಲ್ಲಿದ್ದ ಟೆಡ್ ಜೋನ್ಸ್ ಆತನಿಗಾಗಿ ದೋಣಿಯ ವಿನ್ಯಾಸವನ್ನು ಮಾಡಿದನು. ಆಂಕರ್ ಜೆನ್ಸನ್ ಅದನ್ನು ಕಟ್ಟಿದನು. ಅದರ ಹೆಸರು ಸ್ಲೋ-ಮೋ-ಷನ್ ೪. ‘ನಿಧಾನಗತಿ’ ಎಂಬ ಅರ್ಥದ ಆ ಹೆಸರಿನ ದೋಣಿ ೧೯೫೦ರ ಜೂನ್ ೨೬ರಂದು ಲೇಕ್ ವಾಷಿಂಗ್ಟನ್ ಸರೋವರದಲ್ಲಿ ಗಂಟೆಗೆ ೧೬೦.೩೨೩ ಮೈಲಿ, ಎಂದರೆ ೨೫೮ ಕಿಲೋಮೀಟರು ಓಡಿ ಕ್ಯಾಂಬೆಲ್ಲರ ದಾಖಲೆಯನ್ನು ಒಮ್ಮೆಲೇ ಹದಿನೆಂಟು ಮೈಲಿಗಳಷ್ಟು ಮೀರಿತು. ಎರಡು ವರ್ಷಗಳ ಬಳಿಕ ಅದೇ ದೋಣಿ ೧೭೮.೪೯೭ ಮೈಲಿಗೆ ಏರಿತು.

ಅದರ ರಹಸ್ಯವಿದ್ದುದು ಹಿಂಭಾಗದಲ್ಲಿ. ಸಾಮಾನ್ಯವಾಗಿ ದೋಣಿಯ ಪ್ರೊಪೆಲ್ಲರು ನೀರಿನಲ್ಲಿ ಪೂರ್ತಿ ಮುಳುಗಿರಬೇಕೆಂಬುದು ಎಲ್ಲರ ನಂಬಿಕೆ. ಈ ದೋಣಿಯಲ್ಲಿ ಓಡುವಾಗ ಹಿಂಭಾಗವೇ ಮೇಲೆದ್ದು, ಪ್ರೊಪೆಲ್ಲರು ಅರ್ಧ ನೀರಿನಲ್ಲೂ ಅರ್ಧ ಗಾಳಿಯಲ್ಲೂ ತಿರುಗುತ್ತಿತ್ತು. ಹೀಗಾಗಿ ದೋಣಿಯನ್ನು ಹೊತ್ತಿದ್ದುದು ಎರಡು ಪಾದಗಳ ತುದಿ ಮತ್ತು ಪ್ರೊಪೆಲ್ಲರಿನ ಕೆಳ ಅರ್ಧ ಮಾತ್ರ. ಗಾಳಿಯಲ್ಲಿ ತಿರುಗುವ ಅಲಗು ನೀರನ್ನು ಮೇಲಕ್ಕೆ ಎಸೆದು, ದೋಣಿಯ ಹಿಂದೆ ಮನೆಯ ಮಾಡನ್ನು ಮೀರುವ ಎತ್ತರದ ಬಿಳಿಯ ಕಾರಂಜಿಯನ್ನು ಎಬ್ಬಿಸುತ್ತಿತ್ತು. ಅಲ್ಲಿಯ ಜನ ಅದನ್ನು ಹುಂಜದ ಬಾಲವೆಂದು ಕರೆದರು.

ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಕಂಬಳವನ್ನು ಕಂಡವರಿಗೆ ಈ ಕಾರಂಜಿ ಹೊಸದಾಗಿ ತೋರದು. ಕನೆಹಲಗೆಯ ಓಟದಲ್ಲಿ ಓಡಿಸುವವನು ತೂತುಗಳುಳ್ಳ ಒಂದು ಹಲಗೆಯ ಮೇಲೆ ಕಾಲೂರಿ ಕೋಣಗಳನ್ನು ಅಟ್ಟುತ್ತಾನೆ. ಕೆಸರುನೀರು ಆ ತೂತುಗಳಿಂದ ಮೇಲಕ್ಕೆ ಚಿಮ್ಮುತ್ತದೆ. ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಯ ಬಟ್ಟೆಯನ್ನು ನೀರು ಮುಟ್ಟಿತೇ ಎಂಬುದರ ಮೇಲೆ ಗೆಲುವಿನ ನಿರ್ಣಯ. ವೇಗದಿಂದ ನೀರಿಗೆ ಬಂದ ಒತ್ತಡವನ್ನು ಅಳೆಯಲು ಇದಕ್ಕಿಂತ ಸೊಗಸಾದ ಉಪಕರಣ ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿಯೂ ಇಲ್ಲವೆಂದೇ ನಮ್ಮ ಅಭಿಪ್ರಾಯ. ವ್ಯತ್ಯಾಸವಿಷ್ಟೇ: ಕಂಬಳದಲ್ಲಿ ಕಾರಂಜಿಯೇ ಗುರಿ, ಹೈಡ್ರೊಪ್ಲೇನಿನಲ್ಲಿ ಅದು ಕೆಲಸಕ್ಕೆ ಬಾರದೆ ಮೇಲಕ್ಕೆ ಹಾರಿಹೋದ ಶಕ್ತಿ.

ಸ್ಲೋ-ಮೋ-ಷನ್ ೪ ಅದೇ ವರ್ಷ ಡೆಟ್ರಾಯಿಟಿಗೆ ಹೋಗಿ ಗೋಲ್ಡ್ ಕಪ್ಪನ್ನು ಗೆದ್ದಿತು. ಗೆದ್ದವರ ಊರಿನಲ್ಲಿ ಮುಂದಿನ ಪಂತ ಎಂಬುದು ಆಗಿನ ನಿಯಮ. ಆದುದರಿಂದ ೧೯೫೧ರಲ್ಲಿ ಪಂತ ಸಿಯಾಟಲಿಗೆ ಬಂದಿತು. ದೊಡ್ಡ ಆಟದ ತಂಡಗಳೊಂದೂ ಇಲ್ಲದಿದ್ದ ಆ ಊರಿಗೆ ಹುಚ್ಚೇ ಹಿಡಿಯಿತು. ಸರೋವರದ ದಡದಲ್ಲಿ ಲಕ್ಷಗಟ್ಟಲೆ ಜನ ಸೇರುತ್ತಿದ್ದರು. ದೋಣಿಗಳಿಗೆ ಎಣ್ಣೆ, ದಿನಸಿ ಅಂಗಡಿ, ಬಿಯರುಗಳ ಹೆಸರು: ಮಿಸ್ ಬಾರ್ಡಾಲ್, ಮಿಸ್ ಥ್ರಿಫ್ಟ್‌ವೇ, ಮಿಸ್ ಬಡ್‌ವೈಸರ್. ಹುಡುಗರು ಹಲಗೆಯ ಚೂರುಗಳಿಂದ ಪುಟ್ಟ ಹೈಡ್ರೊಪ್ಲೇನುಗಳನ್ನು ಕೆತ್ತಿ, ಬಣ್ಣ ಬಳಿದು, ಸೈಕಲ್ಲಿನ ಹಿಂದೆ ದಾರದಿಂದ ಕಟ್ಟಿ ಬೀದಿಯಲ್ಲಿ ಎಳೆದಾಡುತ್ತಿದ್ದರು. ನಮ್ಮ ಬೀದಿಗಳಲ್ಲಿ ಹಳೆಯ ಸೈಕಲ್ ಟೈರನ್ನು ಕೋಲಿನಿಂದ ಹೊಡೆದು ಓಡಿಸಿದವರಿಗೆ ಆ ಸಂತೋಷದ ಅಳತೆಯನ್ನು ಹೇಳಬೇಕಾದುದಿಲ್ಲ.

ಆ ಕಾಲವನ್ನು ನೆನೆಯುವವರು ಮೊದಲು ಹೇಳುವುದು ಕಂಡುದನ್ನಲ್ಲ, ಕೇಳಿದುದನ್ನು. ಹನ್ನೆರಡು ಸಿಲಿಂಡರುಗಳ ಯಂತ್ರ ನಿಮಿಷಕ್ಕೆ ೩,೦೦೦ ಸುತ್ತು ತಿರುಗಿದರೆ ಅದರೊಳಗೆ ಸೆಕೆಂಡಿಗೆ ೩೦೦ ಸ್ಫೋಟಗಳಾಗುತ್ತವೆ. ಶಬ್ದವನ್ನು ಅಡಗಿಸುವ ಉಪಕರಣವೇನೂ ಇಲ್ಲದೆ, ಗೇಣುದ್ದದ ಕೊಳವೆಗಳಿಂದ ಅವು ನೇರವಾಗಿ ಬಯಲಿಗೆ ಬರುತ್ತಿದ್ದುವು. ಐದಾರು ದೋಣಿಗಳು ಒಟ್ಟಿಗೆ ಹೊರಟಾಗ ದಡದಲ್ಲಿ ನಿಂತವರಿಗೆ ಅದು ಕಿವಿಯಲ್ಲಿ ಮಾತ್ರವಲ್ಲದೆ ಎದೆಯ ಗೂಡಿನಲ್ಲಿ ಕೇಳಿಸುತ್ತಿತ್ತಂತೆ. ಇಂಜಿನಿಯರನ ಲೆಕ್ಕದಲ್ಲಿ ಆ ಗುಡುಗೂ ಈ ಕಾರಂಜಿಯೂ ಖರ್ಚಿನ ಪಟ್ಟಿಯಲ್ಲಿ ಬರತಕ್ಕವು. ಜನರ ನೆನಪಿನಲ್ಲಿ ಉಳಿದುದು ಮಾತ್ರ ಅವೇ ಎರಡು.

ಗಾಳಿಯ ಪಾಲು

ನೀರನ್ನು ಬಿಟ್ಟ ದೋಣಿ ಗಾಳಿಯ ಕೈಗೆ ಸಿಕ್ಕುತ್ತದೆ. ಈ ಮಾತನ್ನು ಆ ಕಾಲದವರು ತಿಳಿಯದೆ ಇರಲಿಲ್ಲ; ಆದರೆ ಅದರ ಬೆಲೆಯನ್ನು ಪೂರ್ತಿ ಲೆಕ್ಕಹಾಕಿರಲಿಲ್ಲ.

ಗಾಳಿ ಬೀಸುವಾಗ ಅಂಗಳದಲ್ಲಿ ಮೊರವನ್ನು ಚಪ್ಪಟೆಯಾಗಿ ಹಿಡಿದು ನಿಂತು, ಅದರ ಮುಂದಿನ ಅಂಚನ್ನು ಕೊಂಚ ಮೇಲಕ್ಕೆತ್ತಿ ನೋಡಿ. ಮೊರ ಕೈಯಿಂದ ಕಿತ್ತುಕೊಂಡು ಹಿಂದಕ್ಕೆ ಮಗುಚಲು ಹವಣಿಸುತ್ತದೆ. ಅಂಚು ಎಷ್ಟು ಎದ್ದರೆ ಗಾಳಿಯ ಎತ್ತುಬಲ ಅಷ್ಟು ಹೆಚ್ಚು. ಎತ್ತುಬಲ ಹೆಚ್ಚಿದಷ್ಟೂ ಅಂಚು ಇನ್ನೂ ಏಳುತ್ತದೆ. ಹೈಡ್ರೊಪ್ಲೇನು ಸುಮಾರು ೩೦ ಅಡಿ ಉದ್ದದ, ಎರಡು ಮೂರು ಟನ್ ತೂಕದ, ಅಗಲವಾದ ಮೊರವೇ ಸರಿ. ಗಂಟೆಗೆ ೧೬೦ ಮೈಲಿ ವೇಗದಲ್ಲಿ ಎದುರುಗಾಳಿಯ ಒತ್ತಡ ಒಂದು ಚದರ ಮೀಟರಿಗೆ ಸುಮಾರು ೩೧೦ ಕಿಲೋಗ್ರಾಂ. ದೋಣಿಯ ಮೈಯ ವಿಸ್ತಾರವೋ ಇಪ್ಪತ್ತು ಚದರ ಮೀಟರುಗಳಿಗೂ ಹೆಚ್ಚು. ತಳದ ಕೆಳಗೆ ನುಗ್ಗುವ ಗಾಳಿ ದೋಣಿಯ ಭಾರದಲ್ಲಿ ಒಂದು ಪಾಲನ್ನು ಹೊತ್ತು ವೇಗಕ್ಕೆ ನೆರವಾಗುತ್ತದೆ, ಇದು ಲಾಭ. ಮೂತಿ ಒಂದು ಅಲೆಗೆ ತಾಗಿ ಕೆಲವೇ ಡಿಗ್ರಿ ಹೆಚ್ಚು ಎದ್ದರೆ ಅದೇ ಗಾಳಿ ದೋಣಿಯನ್ನು ಹಿಂದಕ್ಕೆ ಮಗುಚುತ್ತದೆ, ಇದು ಸಾವು. ಎರಡರ ನಡುವಿನ ಅಂತರ ಸೆಕೆಂಡಿಗಿಂತ ಕಡಿಮೆ. ಚಾಲಕನ ಕೈಗಳಿಗೆ ಅಲ್ಲಿ ಕೆಲಸವಿಲ್ಲ.

೧೯೫೫ರಲ್ಲಿ ಲೇಕ್ ವಾಷಿಂಗ್ಟನ್ನಿನಲ್ಲಿ ಪಂತಕ್ಕೆ ಮುಂಚಿನ ಅರ್ಹತೆಯ ಓಟದಲ್ಲಿ ಸ್ಲೋ-ಮೋ-ಷನ್ ೫ ಎಂಬ ದೋಣಿ ಹೀಗೆ ಎದ್ದು, ಗಾಳಿಯಲ್ಲಿ ಪೂರ್ತಿ ಒಂದು ಪಲ್ಟಿ ಹೊಡೆದು, ಮತ್ತೆ ನೆಟ್ಟಗೆ ನೀರಿಗೆ ಬಿದ್ದಿತು. ಚಾಲಕ ಲೂ ಫೇಜಿಯೋಲ್ ಹೊರಕ್ಕೆ ಎಸೆಯಲ್ಪಟ್ಟು ಗಾಯಗೊಂಡು ಬದುಕಿದನು. ಮತ್ತೆ ಪಂತಕ್ಕೆ ಇಳಿಯಲಿಲ್ಲ. ಎಲ್ಲರಿಗೂ ಆ ಭಾಗ್ಯವಿರಲಿಲ್ಲ. ತೆರೆದ ಕುಳಿಯಲ್ಲಿ ಯಂತ್ರದ ಹಿಂದೆ, ಪಟ್ಟಿಯನ್ನೂ ಕಟ್ಟಿಕೊಳ್ಳದೆ ಕೂರುವುದು ಅಂದಿನ ಪದ್ಧತಿ. ಮಗುಚಿದರೆ ದೋಣಿಯಿಂದ ದೂರ ಬೀಳುವುದೇ ಕ್ಷೇಮವೆಂದು ತಿಳಿದಿದ್ದರು. ಆ ವೇಗದಲ್ಲಿ ನೀರು ಏನಾಗುತ್ತದೆಂಬುದನ್ನು ಮೇಲೆ ಹೇಳಿದ್ದೇವೆ. ೧೯೬೬ರ ಜೂನ್ ೧೯ರ ಭಾನುವಾರ ವಾಷಿಂಗ್ಟನ್ ರಾಜಧಾನಿಯ ಪೊಟೋಮ್ಯಾಕ್ ನದಿಯಲ್ಲಿ ಮಿಸ್ ಬಾರ್ಡಾಲ್ ದೋಣಿಯ ರಾನ್ ಮಸ್ಸನ್ ಮಡಿದನು. ಅದೇ ದಿನ ಎರಡು ದೋಣಿಗಳು ಡಿಕ್ಕಿಯಾಗಿ ರೆಕ್ಸ್ ಮ್ಯಾಂಚೆಸ್ಟರ್, ಡಾನ್ ವಿಲ್ಸನ್ ಇಬ್ಬರೂ ಸತ್ತರು. ಹದಿನಾಲ್ಕು ದಿನಗಳ ಬಳಿಕ ಡೆಟ್ರಾಯಿಟಿನಲ್ಲಿ ಚಕ್ ಥಾಂಪ್ಸನ್. ಎರಡು ವಾರಗಳಲ್ಲಿ ನಾಲ್ವರು. ಸುವರ್ಣಯುಗದ ಕಥೆಯನ್ನು ಹೇಳುವವರು ಈ ಎರಡು ವಾರಗಳನ್ನು ಬಿಟ್ಟು ಹೇಳಲಾಗದು.

ಕೇವಲ ದಾಖಲೆಗಾಗಿ ಓಡಿದವರ ಕಥೆಯೂ ಇದೇ. ದಾಖಲೆಗೆ ಒಂದು ಅಳತೆಯ ದೂರವನ್ನು ಎರಡು ದಿಕ್ಕುಗಳಲ್ಲಿ ಓಡಿ ಸರಾಸರಿಯನ್ನು ತೆಗೆಯಬೇಕು. ಗಾಳಿಯ ಅನುಕೂಲವನ್ನು ಕಳೆಯುವುದಕ್ಕಾಗಿ ಈ ನಿಯಮ. ಜಾನ್ ಕಾಬ್ ೧೯೫೨ರ ಸೆಪ್ಟೆಂಬರ್ ೨೯ರಂದು ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದಲ್ಲಿ ಜೆಟ್ ದೋಣಿಯನ್ನು ೨೦೦ ಮೈಲಿಗಳ ಆಚೆಗೆ ಒಯ್ದು, ಅದು ಒಡೆದು ಸತ್ತನು. ಮಾಲ್ಕಂ ಕ್ಯಾಂಬೆಲ್ಲರ ಮಗ ಡೊನಾಲ್ಡ್ ಬ್ಲೂಬರ್ಡ್ ಕೆ೭ ಎಂಬ ಜೆಟ್ ಹೈಡ್ರೊಪ್ಲೇನಿನಲ್ಲಿ ೧೯೫೫ರ ಜುಲೈ ೨೩ರಂದು ಗಂಟೆಗೆ ೨೦೨.೩೨ ಮೈಲಿಯನ್ನೂ, ೧೯೬೪ರ ಡಿಸೆಂಬರ್ ೩೧ರಂದು ಆಸ್ಟ್ರೇಲಿಯಾದಲ್ಲಿ ೨೭೬.೩೩ ಮೈಲಿಯನ್ನೂ ಮುಟ್ಟಿದನು. ೧೯೬೭ರ ಜನವರಿ ೪ರಂದು ಕಾನಿಸ್ಟನ್ ಸರೋವರದಲ್ಲಿ ಮೊದಲ ಓಟವನ್ನು ಮುಗಿಸಿ, ಎರಡನೆಯದರಲ್ಲಿ ೩೦೦ ಮೈಲಿಗಳನ್ನು ಮೀರಿದಾಗ ದೋಣಿಯ ಮೂತಿ ಎದ್ದಿತು. ಆಗ ತೆಗೆದ ಚಲನಚಿತ್ರದಲ್ಲಿ ಅದು ಹಿಂದಕ್ಕೆ ಮಗುಚುವುದನ್ನು ಇಂದಿಗೂ ಕಾಣಬಹುದು. ದೋಣಿಯನ್ನೂ ಅವನ ದೇಹವನ್ನೂ ಸರೋವರದ ತಳದಿಂದ ಮೇಲೆತ್ತಿದುದು ೨೦೦೧ರಲ್ಲಿ.

ಪಾಠವನ್ನು ಕಲಿಯಲು ಬಹಳ ದಿನ ಹಿಡಿಯಿತು. ಟೆಡ್ ಜೋನ್ಸನ ಮಗ ರಾನ್ ಜೋನ್ಸ್ ವಿನ್ಯಾಸ ಮಾಡಿದ ಪೇ ಎನ್ ಪ್ಯಾಕ್ ದೋಣಿಗೆ ೧೯೭೩ರಲ್ಲಿ ಹಿಂಬದಿಯ ಎತ್ತರದಲ್ಲಿ ಅಡ್ಡರೆಕ್ಕೆಯೊಂದು ಬ೦ದಿತು. ಗಾಳಿಪಟಕ್ಕೆ ಬಾಲವಿದ್ದಂತೆ ಅದು ದೋಣಿಯನ್ನು ಮಟ್ಟವಾಗಿ ಹಿಡಿಯುತ್ತದೆ. ಮುಂದೆ ಮೂತಿಯಲ್ಲಿಯೂ ಪುಟ್ಟ ರೆಕ್ಕೆ ಬಂದು, ಚಾಲಕನು ಕಾಲಿನಿಂದ ಅದರ ಓರೆಯನ್ನು ಬದಲಿಸುವ ಏರ್ಪಾಡಾಯಿತು. ಆದರೂ ೧೯೮೧ರ ಅಕ್ಟೋಬರ್ ೧೮ರಂದು, ೬೨ ಪಂತಗಳನ್ನು ಗೆದ್ದಿದ್ದ ಬಿಲ್ ಮನ್ಸಿ ಮೆಕ್ಸಿಕೋದಲ್ಲಿ ದೋಣಿ ಮಗುಚಿ ಮಡಿದನು. ಮರುವರ್ಷ ಡೀನ್ ಚೆನೊವೆತ್. ೧೯೮೬ರ ಸುಮಾರಿಗೆ ಯುದ್ಧವಿಮಾನದ ಗಟ್ಟಿಯಾದ ಪಾರದರ್ಶಕ ಮುಚ್ಚಳವನ್ನು ದೋಣಿಗೆ ಕೂರಿಸಿ, ಚಾಲಕನನ್ನು ಒಳಗೆ ಬಿಗಿಯಾಗಿ ಕಟ್ಟಿ, ಉಸಿರಾಟಕ್ಕೆ ಗಾಳಿಯನ್ನೂ, ದೋಣಿ ತಲೆಕೆಳಗಾಗಿ ತೇಲಿದರೆ ಹೊರಬರಲು ತಳದಲ್ಲಿ ಬಾಗಿಲನ್ನೂ ಕೊಟ್ಟರು. ಹೊರಕ್ಕೆ ಬೀಳುವುದೇ ಕ್ಷೇಮವೆಂಬ ಹಳೆಯ ನಂಬಿಕೆ ತಲೆಕೆಳಗಾಯಿತು. ಆಮೇಲೆ ದೋಣಿಗಳು ಮಗುಚುವುದು ನಿಲ್ಲಲಿಲ್ಲ. ಚಾಲಕರು ಸಾಯುವುದು ಅಪರೂಪವಾಯಿತು.

ಅದೇ ಹೊತ್ತಿಗೆ ಯುದ್ಧಕಾಲದ ಯಂತ್ರಗಳ ದಾಸ್ತಾನು ತೀರುತ್ತ ಬಂದಿತು. ಬಿಡಿಭಾಗಗಳಿಗಾಗಿ ಒಂದು ಯಂತ್ರವನ್ನು ಬಿಚ್ಚಿ ಮತ್ತೊಂದಕ್ಕೆ ಜೋಡಿಸುವ ಕಾಲ. ಚಿನೂಕ್ ಹೆಲಿಕಾಪ್ಟರಿನ ಟರ್ಬೈನ್ ಯಂತ್ರ ಅವುಗಳ ಸ್ಥಾನಕ್ಕೆ ಬಂದಿತು. ಅದು ಮರ್ಲಿನ್ನಿನ ಅರ್ಧಕ್ಕಿಂತ ಕಡಿಮೆ ತೂಕದ್ದು, ಶಕ್ತಿಯಲ್ಲಿ ಮಿಗಿಲು. ೨೦೧೯ರಿಂದ ನಮ್ಮ ವಾಯುಪಡೆಯಲ್ಲಿರುವ ಚಿನೂಕುಗಳಲ್ಲಿಯೂ ಅದೇ ವಂಶದ ಯಂತ್ರವಿದೆ. ೧೯೮೦ರಲ್ಲಿ ಪೇ ಎನ್ ಪ್ಯಾಕ್ ಟರ್ಬೈನಿನಿಂದ ಓಡತೊಡಗಿತು; ಆ ದಶಕ ಮುಗಿಯುವ ಹೊತ್ತಿಗೆ ಬಹುಪಾಲು ದೋಣಿಗಳು ಅದೇ ದಾರಿ ಹಿಡಿದಿದ್ದುವು. ಟರ್ಬೈನಿನಲ್ಲಿ ಬಿಡಿಬಿಡಿಯಾದ ಸ್ಫೋಟಗಳಿಲ್ಲ; ಉರಿ ಸತತವಾಗಿ ಉರಿಯುತ್ತದೆ. ಆದುದರಿಂದ ಗುಡುಗು ಹೋಗಿ ಸಿಳ್ಳಿನಂತಹ ಸದ್ದು ಉಳಿಯಿತು. ಇಂದಿನ ದೋಣಿಗಳು ಹಿಂದಿನವುಗಳಿಗಿಂತ ವೇಗವಾಗಿಯೂ ಕ್ಷೇಮವಾಗಿಯೂ ಓಡುತ್ತವೆ. ಹಿರಿಯರು ಅದನ್ನು ಒಪ್ಪುತ್ತಾರೆ. ಒಪ್ಪಿ, ಆ ಸದ್ದೆಲ್ಲಿ ಎಂದು ಕೇಳುತ್ತಾರೆ.

ಆ ಸದ್ದಿಗಾಗಿಯೇ ಸಿಯಾಟಲಿನ ಬಳಿಯ ಕೆಂಟ್ ಎಂಬ ಊರಿನಲ್ಲಿ ಹೈಡ್ರೊಪ್ಲೇನುಗಳ ವಸ್ತುಸಂಗ್ರಹಾಲಯವೊಂದಿದೆ. ಕೊಳೆತುಹೋಗುತ್ತಿದ್ದ ಹಳೆಯ ದೋಣಿಗಳನ್ನು ಹುಡುಕಿ ತಂದು, ಹಲಗೆಹಲಗೆಯಾಗಿ ಮತ್ತೆ ಕಟ್ಟಿ, ಉಳಿದಿರುವ ಆಲಿಸನ್, ಮರ್ಲಿನ್ ಯಂತ್ರಗಳನ್ನು ಕೂರಿಸಿ, ಹಬ್ಬದ ದಿನಗಳಲ್ಲಿ ನೀರಿಗೆ ಇಳಿಸುತ್ತಾರೆ. ಪಂತಕ್ಕಲ್ಲ, ಕೇಳುವುದಕ್ಕೆ. ಸ್ಲೋ-ಮೋ-ಷನ್ ೪ ಸಿಯಾಟಲ್ ನಗರದ ಚರಿತ್ರೆಯ ಸಂಗ್ರಹಾಲಯದಲ್ಲಿದೆ. ಬ್ಲೂಬರ್ಡ್ ದುರಸ್ತಿಯಾಗಿ ೨೦೧೮ರಲ್ಲಿ ಮತ್ತೊಮ್ಮೆ ನೀರಿನ ಮೇಲೆ ಓಡಿ, ೨೦೨೪ರಲ್ಲಿ ಕಾನಿಸ್ಟನ್ನಿಗೆ ಹಿಂದಿರುಗಿತು.

ನೀರಿನ ಮೇಲಿನ ವೇಗದ ಪರಮ ದಾಖಲೆ ಈಗಲೂ ಹಳೆಯದೇ. ಆಸ್ಟ್ರೇಲಿಯಾದ ಕೆನ್ ವಾರ್ಬಿ ಸಿಡ್ನಿಯ ತನ್ನ ಮನೆಯ ಹಿತ್ತಲಿನಲ್ಲಿ ತೆಳುಹಲಗೆಗಳಿಂದ ಕಟ್ಟಿ, ಮಿಲಿಟರಿಯವರು ಮಾರಿದ ಹಳೆಯ ಜೆಟ್ ಯಂತ್ರವನ್ನು ಕೂರಿಸಿದ ದೋಣಿ ೧೯೭೮ರ ಅಕ್ಟೋಬರ್ ೮ರಂದು ಬ್ಲೋವರಿಂಗ್ ಜಲಾಶಯದಲ್ಲಿ ಗಂಟೆಗೆ ಸುಮಾರು ೫೧೧ ಕಿಲೋಮೀಟರು ಓಡಿತು. ಅದನ್ನು ಮೀರಲು ಹೊರಟ ಇಬ್ಬರು, ೧೯೮೦ರಲ್ಲಿ ಲೀ ಟೇಲರ್, ೧೯೮೯ರಲ್ಲಿ ಕ್ರೇಗ್ ಆರ್ಫನ್ಸ್, ಹಿಂದಿರುಗಲಿಲ್ಲ. ವಾರ್ಬಿ ೨೦೨೩ರಲ್ಲಿ ವೃದ್ಧಾಪ್ಯದಲ್ಲಿ ತೀರಿಕೊಂಡನು. ತಂದೆಯ ದಾಖಲೆಯನ್ನು ಮುರಿಯಲು ಅವನ ಮಗ ಹೊಸ ದೋಣಿಯನ್ನು ಕಟ್ಟಿದ್ದಾನೆ.